ಬೆಟ್ಟಕ್ಕೆ ಹೊರಟ ನಾಯಿ, ಹಿಂತಿರುಗಿದ ರಥ

ಬೆಳ್ಳಂದೂರಿನ ಅಪಾರ್ಟ್‌ಮೆಂಟೊಂದರಲ್ಲಿ ವಾಸಿಸುವ ಹಿರಿಯ ಶ್ರಾವಕರೊಬ್ಬರು ಕೆಲವು ವಾರಗಳ ಹಿಂದೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದರು. ಅವರ ಮಗನೂ ಸೊಸೆಯೂ ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವವರು. ಮನೆಯಲ್ಲಿ ಮೂರು ವರ್ಷದ ಒಂದು ನಾಯಿ. ಭಾನುವಾರ ನಸುಕಿನ ಮೂರು ಗಂಟೆಗೆ ಕಾರಿನಲ್ಲಿ ಹೊರಟು, ನಂದಿಬೆಟ್ಟದ ಮೇಲೆ ಸೂರ್ಯೋದಯ ನೋಡಿ, ಮಧ್ಯಾಹ್ನದ ಊಟದ ಹೊತ್ತಿಗೆ ಮರಳಬೇಕೆಂಬುದು ಮಕ್ಕಳ ಆಸೆ. ನಾಯಿಯನ್ನೂ ಜೊತೆಗೆ ಕರೆದೊಯ್ಯುವುದೆಂದು ನಿಶ್ಚಯಿಸಿದ್ದರು. "ಪ್ರೀತಿಯಿಂದಲೇ ಕರೆದೊಯ್ಯುತ್ತಾರೆ, ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಆದರೂ ನನ್ನ ಮನಸ್ಸಿಗೆ ಏನೋ ಅಳುಕು. ಅಣುವ್ರತಕ್ಕೆ ಇದರಿಂದ ಬಾಧೆಯುಂಟೆ?" ಎಂದು ಅವರು ಕೇಳಿದ್ದರು. ಪ್ರಶ್ನೆ ಸಣ್ಣದೆಂದೇ ಮೊದಲು ತೋರಿತು. ಉತ್ತರಿಸಲು ಕುಳಿತಾಗ ಹಾಗಲ್ಲವೆಂದು ತಿಳಿಯಿತು.

ಪ್ರಾಣಿಗಳೊಡನೆ ಬೆಟ್ಟ ಹತ್ತುವ ವಿಚಾರ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಸುದ್ದಿಯಾಗಿರುವುದು ಹಿಮಾಲಯದಿಂದ. 2025ರ ಮೇ ತಿಂಗಳಲ್ಲಿ, ಕೇದಾರನಾಥದ ಬಾಗಿಲು ತೆರೆದ ಕೆಲವೇ ದಿನಗಳಲ್ಲಿ, ಎರಡು ದಿನದೊಳಗೆ 14 ಕುದುರೆ ಮತ್ತು ಹೇಸರಗತ್ತೆಗಳು ಸತ್ತವು. ಅವುಗಳ ಸಂಚಾರವನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅದಕ್ಕೂ ಮುನ್ನ ಆ ಜಿಲ್ಲೆಯ ಕುದುರೆಗಳಲ್ಲಿ ಫ್ಲೂ ಸೋಂಕು ಕಾಣಿಸಿಕೊಂಡಿತ್ತು. 2022ರ ಯಾತ್ರೆಯ ಮೊದಲ ತಿಂಗಳುಗಳಲ್ಲಿಯೇ ನೂರಕ್ಕೂ ಹೆಚ್ಚು ಪ್ರಾಣಿಗಳು ಆ ದಾರಿಯಲ್ಲಿ ಪ್ರಾಣ ಬಿಟ್ಟಿದ್ದವು. 3,583 ಮೀಟರ್ ಎತ್ತರದಲ್ಲಿರುವ ದೇವರನ್ನು ಕಾಣಲು ನಮ್ಮ ನಾಡಿನಿಂದಲೂ ಪ್ರತಿ ವರ್ಷ ಸಾವಿರಾರು ಜನ ಹೋಗುತ್ತಾರೆ. ಅವರಲ್ಲಿ ನಡೆಯಲಾರದವರೂ ಇದ್ದಾರೆ, ನಡೆಯಬಲ್ಲವರಾಗಿಯೂ ನಡೆಯಲೊಲ್ಲದವರೂ ಇದ್ದಾರೆ. ಹೇಸರಗತ್ತೆಯ ಬೆನ್ನಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಇದನ್ನು ತಡೆಯಲು ಕಾನೂನಿಲ್ಲವೆಂದಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 1965ರಲ್ಲಿಯೇ ಹೊರೆ ಹೊರುವ ಪ್ರಾಣಿಗಳಿಗಾಗಿ ನಿಯಮಗಳು ಬಂದವು. ಹೇಸರಗತ್ತೆಗೆ 200 ಕಿಲೋ, ತಟ್ಟುಕುದುರೆಗೆ 70 ಕಿಲೋ, ಕತ್ತೆಗೆ 50 ಕಿಲೋ ಮೀರಿ ಹೊರಿಸಬಾರದು. ದಿನಕ್ಕೆ ಒಟ್ಟು 9 ಗಂಟೆ, ವಿರಾಮವಿಲ್ಲದೆ 5 ಗಂಟೆ ಮೀರಿ ದುಡಿಸಬಾರದು. ತಾಪಮಾನ 37 ಡಿಗ್ರಿ ದಾಟುವ ಕಡೆ ನಡುಹಗಲು 12ರಿಂದ 3ರವರೆಗೆ ದುಡಿಸಲೇಬಾರದು. ತಟ್ಟುವಿನ 70 ಕಿಲೋ ಮಿತಿಯನ್ನು ನೆನಪಿಟ್ಟುಕೊಳ್ಳಿ. ಗಿರಿಧಾಮಗಳಲ್ಲಿ ಸವಾರಿಗೆ ಕೂರುವವರು ತಮ್ಮ ತೂಕವನ್ನೊಮ್ಮೆ ನೆನೆದರೆ ಸಾಕು.

ಈ ನಿಯಮಗಳು ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ನಮ್ಮ ಆಚಾರ್ಯರು ಈ ಲೆಕ್ಕವನ್ನು ಹಾಕಿದ್ದರು. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಗಂಗರ ನಾಡಿನಲ್ಲಿ ಬಾಳಿದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ನ್ಯಾಯವಾದ ಭಾರಕ್ಕಿಂತ ಹೆಚ್ಚಿನದನ್ನು ಹೊರಿಸುವುದೆಂದು ವಿವರಿಸುತ್ತಾರೆ. ಭಾರ ಹೊರಿಸಲೇಬಾರದೆಂದು ಅವರು ಹೇಳಲಿಲ್ಲ. ಗೃಹಸ್ಥನ ಬದುಕು ಎತ್ತು ಕುದುರೆಗಳೊಡನೆ ಹೆಣೆದುಕೊಂಡಿತ್ತೆಂಬುದು ಅವರಿಗೆ ತಿಳಿದಿತ್ತು. ನ್ಯಾಯ ಎಲ್ಲಿ ಮುಗಿಯುತ್ತದೆಂದು ನೋಡಿರಿ ಎಂದಷ್ಟೇ ಅವರ ಮಾತಿನ ಅಭಿಪ್ರಾಯ.

ಬೆಳ್ಳಂದೂರಿನ ನಾಯಿ ಯಾರನ್ನೂ ಹೊರುವುದಿಲ್ಲ, ಅದನ್ನೇ ಕಾರು ಹೊರುತ್ತದೆ ಎಂದು ಯಾರಾದರೂ ಹೇಳಬಹುದು. ನಿಜ. ಎತ್ತರದ ಮಾತಿಗೆ ಬಂದರೂ ಭಯವಿಲ್ಲ. ನಂದಿಬೆಟ್ಟ 1,478 ಮೀಟರ್. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ 1,930 ಮೀಟರ್. ಉಸಿರಾಟಕ್ಕೆ ತೊಡಕಾಗುವಷ್ಟು ಗಾಳಿ ತೆಳುವಾಗುವುದು ಸುಮಾರು 2,500 ಮೀಟರಿನ ಮೇಲೆ. ಬೆಂಗಳೂರೇ 900 ಮೀಟರಿನ ಆಸುಪಾಸಿನಲ್ಲಿದೆ. ಆದ್ದರಿಂದ ನಾಯಿಗೆ ಎತ್ತರದಿಂದ ತೊಂದರೆಯಿಲ್ಲ. ತೊಂದರೆ ಬರುವುದು ಉಳಿದ ಅತಿಚಾರಗಳ ಬಾಗಿಲಿನಿಂದ.

ಮೊದಲನೆಯದು ಬಂಧ. ಪ್ರಾಣಿಯು ತಾನು ಬಯಸಿದೆಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ಪೂಜ್ಯಪಾದರು ಹೇಳುತ್ತಾರೆ. ಹಾಗಾದರೆ ಕೊರಳಿನ ಪಟ್ಟಿಯೂ ಪಾಪವೆ? ನಾನು ಹಾಗೆಣಿಸುವುದಿಲ್ಲ. ಕಡಿದಾದ ಬಂಡೆಯ ಅಂಚಿನಲ್ಲಿ, ಕೋತಿಗಳ ಹಿಂಡಿನ ನಡುವೆ, ಆ ಪಟ್ಟಿಯೇ ನಾಯಿಗೂ ಕೋತಿಗೂ ರಕ್ಷೆ. ನಿಜವಾದ ಬಂಧ ಬೇರೆ ಕಡೆಯಿದೆ. ದ್ವಾರದಲ್ಲಿ ಸಾಕುಪ್ರಾಣಿಯನ್ನು ಒಳಗೆ ಬಿಡದಿದ್ದರೆ ಏನು ಮಾಡುತ್ತಾರೆ? ಎಪ್ಪತ್ತು ಕಿಲೋಮೀಟರ್ ಬಂದಾಗಿದೆ, ಹಿಂತಿರುಗಲು ಮನಸ್ಸಾಗದು. ಕಾರಿನ ಗಾಜನ್ನು ಬೆರಳಷ್ಟು ಇಳಿಸಿ ನಾಯಿಯನ್ನು ಒಳಗೇ ಬಿಟ್ಟು ಮೇಲೆ ಹೋಗುತ್ತಾರೆ. ಬಿಸಿಲೇರಿದ ಮೇಲೆ ಮುಚ್ಚಿದ ಕಾರು ಕೆಲವೇ ನಿಮಿಷಗಳಲ್ಲಿ ಕುಲುಮೆಯಾಗುತ್ತದೆ. ನಾಯಿ ನಮ್ಮಂತೆ ಮೈತುಂಬ ಬೆವರಿ ತಂಪಾಗಲಾರದು. ನಾಲಿಗೆ ಚಾಚಿ ಏದುಸಿರು ಬಿಡುವುದೊಂದೇ ಅದರ ದಾರಿ. ಪಗ್‌ನಂಥ ಚಪ್ಪಟೆ ಮೂಗಿನ ತಳಿಗಳಿಗೆ ಅದೂ ಕಷ್ಟ. ಪ್ರೀತಿಯಿಂದ ಹೊರಟ ಪ್ರವಾಸ ಅತಿಚಾರವಾಗುವುದು ಹೀಗೆ, ಯಾರ ಮನಸ್ಸಿನಲ್ಲಿಯೂ ಕ್ರೌರ್ಯವಿಲ್ಲದೆ.

ಕಾದ ಬಂಡೆಯ ವಿಚಾರವನ್ನು ಜೈನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬೇಸಿಗೆಯ ಮಧ್ಯಾಹ್ನ ಬರಿಗಾಲಿನಲ್ಲಿ ಹತ್ತಿದವರಿಗೆ ಕರಿಕಲ್ಲು ಅಂಗಾಲಿಗೆ ಏನು ಮಾಡುತ್ತದೆಂದು ಗೊತ್ತು. ನಾವು ಕಾಲುಚೀಲ ಹಾಕಿಕೊಳ್ಳುತ್ತೇವೆ. ಅದು ಹಾಗೆಯೇ ನಡೆಯುತ್ತದೆ, ಮಾಲೀಕ ನಡೆಯುತ್ತಿದ್ದಾನೆಂಬ ಒಂದೇ ಕಾರಣಕ್ಕೆ.

ಅನ್ನಪಾನನಿರೋಧದ ಬಗ್ಗೆ ಒಂದು ಮಾತು ಸಾಕು. ಪರ್ವದ ದಿನ ಉಪವಾಸವಿರುವುದು ನಮ್ಮ ಸಂಕಲ್ಪ, ಪ್ರಾಣಿಯದಲ್ಲ. ಕಾರಿನಲ್ಲಿ ವಾಂತಿಯಾದೀತೆಂದು ಹೊರಡುವ ಮುನ್ನ ಊಟ ಕಡಿಮೆ ಮಾಡಬಹುದು, ನೀರನ್ನು ತಡೆಯಲಾಗದು. ಛೇದವೆಂಬ ಅತಿಚಾರ ಇಲ್ಲಿ ಅಪ್ರಸ್ತುತವೆಂದು ನನಗೆ ಮೊದಲು ತೋರಿತ್ತು. ಅನಂತರ ಕಿವಿಯನ್ನು ಕತ್ತರಿಸಿ ನೆಟ್ಟಗೆ ನಿಲ್ಲಿಸಿದ, ಬಾಲ ಮೊಟಕಾಗಿಸಿದ ಡಾಬರ್‌ಮನ್ ನಾಯಿಗಳು ನೆನಪಾದವು. ಅಂದಕ್ಕಾಗಿ ಅಂಗಚ್ಛೇದ ಮಾಡಿಸಿದ ಮರಿಯನ್ನು ಹಣ ಕೊಟ್ಟು ತಂದವರು ಆ ಕತ್ತರಿಯನ್ನು ತಾವು ಹಿಡಿಯಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕೃತ, ಕಾರಿತ, ಅನುಮತ ಎಂಬ ಮೂರನ್ನೂ ನಮ್ಮ ಧರ್ಮ ಒಟ್ಟಿಗೇ ಎಣಿಸುತ್ತದೆ.

ಇನ್ನು ಹೊತ್ತಿನ ಪ್ರಶ್ನೆ. ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಇದೇ. ಸೂರ್ಯೋದಯವನ್ನು ಶಿಖರದಿಂದ ನೋಡಬೇಕಾದರೆ ಇಡೀ ದಾರಿಯನ್ನು ಕತ್ತಲಲ್ಲಿ ಸವೆಸಬೇಕು. ಮುನಿಗಳ ಈರ್ಯಾಸಮಿತಿ ಇದಕ್ಕೆ ನೇರ ವಿರುದ್ಧ: ಬೆಳಕು ಹರಿದ ಮೇಲೆ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಅವರು ಹೆಜ್ಜೆಯಿಡುತ್ತಾರೆ. ಗೃಹಸ್ಥನಿಗೆ ಆ ಕಟ್ಟುನಿಟ್ಟಿಲ್ಲ. ಆದರೂ ವಾರಾಂತ್ಯದ ನಸುಕಿನಲ್ಲಿ ನಂದಿಯ ತಿರುವುಗಳಲ್ಲಿ ಸಾಲುಗಟ್ಟಿದ ದೀಪಗಳನ್ನು ಕಂಡವರು ಯೋಚಿಸಲಿ. ಕಪ್ಪೆ, ಹಾವು, ಮೊಲ ರಸ್ತೆ ದಾಟುವ ಹೊತ್ತೂ ಅದೇ. ಒಂದು ನಾಯಿಯನ್ನು ಸುಖವಾಗಿ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗುವಾಗ ಚಕ್ರದಡಿ ಎಷ್ಟು ಜೀವ ಹೋಯಿತೆಂದು ಯಾರೂ ಎಣಿಸುವುದಿಲ್ಲ.

ನಮ್ಮ ಪರಂಪರೆಯಲ್ಲಿ ಬೆಟ್ಟವೆಂದರೆ ಹಗಲಿನ ಯಾತ್ರೆ. ಗುಜರಾತಿನ ಶತ್ರುಂಜಯವನ್ನು ನೋಡಿ. ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿದ ಯಾತ್ರಿಕರು ಕತ್ತಲಾಗುವುದರೊಳಗೆ ಇಳಿದುಬಿಡಬೇಕು. ರಾತ್ರಿ ಅಲ್ಲಿ ಅರ್ಚಕರೂ ತಂಗುವುದಿಲ್ಲ. ಚಾತುರ್ಮಾಸದ ನಾಲ್ಕು ತಿಂಗಳು ಯಾತ್ರೆಯೇ ನಿಲ್ಲುತ್ತದೆ, ಕಾರ್ತಿಕ ಹುಣ್ಣಿಮೆಗೆ ಮತ್ತೆ ಆರಂಭವಾಗುತ್ತದೆ. ಮಳೆಗಾಲದಲ್ಲಿ ಹುಲ್ಲು, ಹುಳು, ಮೊಳಕೆ ಎಲ್ಲವೂ ನೆಲದ ಮೇಲಿರುತ್ತವೆಂದು ಬೆಟ್ಟವನ್ನೇ ಅವುಗಳಿಗೆ ಬಿಟ್ಟುಕೊಡುವ ಪದ್ಧತಿ ಅದು. ನಮ್ಮ ಪಶ್ಚಿಮಘಟ್ಟಕ್ಕೆ ನಗರ ನುಗ್ಗುವುದು ಅದೇ ತಿಂಗಳುಗಳಲ್ಲಿ, ಹಸಿರು ನೋಡಲೆಂದು. ನಂದಿಬೆಟ್ಟವೂ 2021ರ ಆಗಸ್ಟಿನಲ್ಲಿ ಭೂಕುಸಿತದಿಂದ ರಸ್ತೆ ಕಡಿದುಹೋಗಿ ಮುಚ್ಚಿತ್ತು. ಆ ದಿನಗಳಲ್ಲಿ ಅಲ್ಲಿನ ಹಕ್ಕಿಗಳಿಗೆ ಏನನ್ನಿಸಿತೋ ಎಂದು ನಾನು ಆಗಾಗ್ಗೆ ಊಹಿಸುತ್ತೇನೆ.

ನಂದಿಯೂ ನಮಗೆ ಪರಕೀಯವಾದ ಬೆಟ್ಟವಲ್ಲ. ಅದರ ಪಕ್ಕದ ಗೋಪಿನಾಥ ಬೆಟ್ಟದಲ್ಲಿ ಗಂಗರ ಕಾಲದ ಶಾಸನವೊಂದಿದೆ. ಅಲ್ಲಿನ ಅರ್ಹತ್ ಪರಮೇಶ್ವರನ ಚೈತ್ಯವನ್ನು ದಶರಥನ ಮಗನಾದ ರಾಮನು ಸ್ಥಾಪಿಸಿದನೆಂದೂ ಪಾಂಡವರ ತಾಯಿ ಕುಂತಿ ಅದನ್ನು ಮತ್ತೆ ಕಟ್ಟಿಸಿದಳೆಂದೂ ಅದು ಹೇಳುತ್ತದೆ. ಐತಿಹ್ಯವನ್ನು ಐತಿಹ್ಯವಾಗಿಯೇ ಇಟ್ಟುಕೊಳ್ಳೋಣ. ಆ ಗವಿಗಳು ತಪಸ್ವಿಗಳ ನೆಲೆಯಾಗಿದ್ದವೆಂಬುದಕ್ಕೆ ಅದು ಸಾಕ್ಷಿ. 2025ರ ಜುಲೈ 2ರಂದು ರಾಜ್ಯ ಸಚಿವ ಸಂಪುಟವೇ ನಂದಿಬೆಟ್ಟದಲ್ಲಿ ಸಭೆ ಸೇರಿತ್ತು. ರೋಪ್‌ವೇ ಯೋಜನೆಯ ಮಾತೂ ಕೆಲವು ವರ್ಷಗಳಿಂದಿದೆ. ಗಿರನಾರಿನಲ್ಲಿ 2020ರ ಅಕ್ಟೋಬರ್‌ನಿಂದ ರೋಪ್‌ವೇ ಓಡುತ್ತಿದೆ. ಮುದುಕರಿಗೆ ಅದರಿಂದಾದ ಉಪಕಾರವನ್ನು ನಾನು ಅಲ್ಲಗಳೆಯಲಾರೆ; ಡೋಲಿ ಹೊರುವವನ ಹೆಗಲಿಗೂ ಅದು ವಿಶ್ರಾಂತಿಯೇ. ಆದರೆ ಹತ್ತುವುದು ಸುಲಭವಾದಷ್ಟೂ ಹತ್ತಬೇಕೇ ಎಂಬ ಪ್ರಶ್ನೆ ಕೇಳುವವರು ಕಡಿಮೆಯಾಗುತ್ತಾರೆ.

ಗಿರನಾರೆಂದೊಡನೆ ಭಗವಾನ್ ನೇಮಿನಾಥರ ನೆನಪು ಬಾರದಿರದು. ರಾಜೀಮತಿಯ ಕೈಹಿಡಿಯಲು ಹೊರಟ ವರ ಅವರು. ದಾರಿಯಲ್ಲಿ ಆಕ್ರಂದನ ಕೇಳಿಸಿತು. ದೊಡ್ಡಿಯಲ್ಲಿ ಕೂಡಿಹಾಕಿದ ಮೃಗಗಳು ಕಂಡವು. ಇವು ಯಾಕಿಲ್ಲಿವೆಯೆಂದು ಸಾರಥಿಯನ್ನು ಕೇಳಿದರು. ಮದುವೆಯ ಔತಣಕ್ಕೆಂದು ಉತ್ತರ ಬಂತು. ರಥ ಅಲ್ಲಿಂದಲೇ ಹಿಂದಿರುಗಿತು. ಅವರು ಬೆಟ್ಟ ಹತ್ತಿದ್ದು ಆ ಬಳಿಕ, ಒಂಟಿಯಾಗಿ. ಈ ಕಥೆಯಲ್ಲಿ ನಾವು ವೈರಾಗ್ಯವನ್ನಷ್ಟೇ ಕೇಳಿಸಿಕೊಳ್ಳುತ್ತೇವೆ. ಅರ್ಧದಾರಿಯಲ್ಲಿ ನಿಂತು ಕೇಳಿದ ಆ ಪ್ರಶ್ನೆಯನ್ನೂ, ಉತ್ತರ ಬಂದೊಡನೆ ದಾರಿ ಬದಲಿಸಿದ ಆ ಸಿದ್ಧತೆಯನ್ನೂ ಗಮನಿಸಬೇಕು. ಮೆರವಣಿಗೆ ಹೊರಟಾಗಿದೆ, ನೆಂಟರು ಕಾದಿದ್ದಾರೆ ಎಂಬ ಲೆಕ್ಕ ಅಲ್ಲಿ ನಡೆಯಲಿಲ್ಲ.

ಅದೇ ಸೌರಾಷ್ಟ್ರದ ಗಿರ್ ಅರಣ್ಯದಲ್ಲಿ 2018ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು. ಅವುಗಳಲ್ಲಿ ಕೆಲವಕ್ಕೆ ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವ ಡಿಸ್ಟೆಂಪರ್ ರೋಗಾಣು ತಗುಲಿತ್ತು. ಲಸಿಕೆ ಹಾಕಿಸದ ನಾಯಿಯನ್ನು ಕಾಡಿನಂಚಿಗೆ ಒಯ್ಯುವವರು ತಿಳಿದಿರಬೇಕಾದ ಸಂಗತಿಯಿದು. ನಮ್ಮ ಜೊತೆಗಿರುವ ಜೀವವೊಂದೇ ಜೀವವಲ್ಲ. ಬೆಟ್ಟದಲ್ಲಿ ಮೊದಲಿನಿಂದ ಇರುವವುಗಳಿಗೆ ನಾವೂ ನಮ್ಮ ನಾಯಿಯೂ ಒಟ್ಟಿಗೇ ಅತಿಥಿಗಳು, ಅದೂ ಕರೆಯದೆ ಬಂದವರು.

ಹಾಗೆಂದು ನಾಯಿಯನ್ನು ಹೀಗಳೆಯುವುದು ನಮ್ಮ ಸಾಹಿತ್ಯದ ರೀತಿಯಲ್ಲ. ಭಾಸ್ಕರ ಕವಿ 1424ರಲ್ಲಿ ಕನ್ನಡದಲ್ಲಿ ಹೇಳಿದ ಜೀವಂಧರನ ಚರಿತೆಯನ್ನು ನೆನೆಯಿರಿ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಬಳಿ ರಾಜಕುಮಾರ ಕುಳಿತು ಅದರ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಸುರುತ್ತಾನೆ. ಅದು ಯಕ್ಷನಾಗಿ ಹುಟ್ಟಿ, ಮುಂದೆ ಅವನು ಸಾವಿನ ಬಾಯಲ್ಲಿದ್ದಾಗ ಅವನನ್ನು ಎತ್ತಿಕೊಂಡು ತನ್ನ ಬೆಟ್ಟದ ನೆಲೆಗೆ ಒಯ್ಯುತ್ತದೆ. ಮನುಷ್ಯ ನಾಯಿಯನ್ನು ಬೆಟ್ಟಕ್ಕೆ ಕರೆದೊಯ್ದ ಕಥೆಯಲ್ಲ ಇದು, ನಾಯಿಯೇ ಮನುಷ್ಯನನ್ನು ಬೆಟ್ಟಕ್ಕೆ ಒಯ್ದ ಕಥೆ. ಜೀವಂಧರ ಅದಕ್ಕೆ ಕೊಟ್ಟದ್ದಾದರೂ ಏನು? ಅದು ಬಿದ್ದಿದ್ದ ಜಾಗದಲ್ಲಿಯೇ ತಾನು ಕುಳಿತ, ಅಷ್ಟೆ.

ದಿಗ್ವ್ರತವನ್ನು ಇಂದು ನೆನೆಯುವವರು ವಿರಳ. ಹತ್ತು ದಿಕ್ಕುಗಳಲ್ಲಿ ಇಷ್ಟು ದೂರ ಮಾತ್ರ ಹೋಗುವೆನೆಂದು ಗೃಹಸ್ಥ ತಾನೇ ಹಾಕಿಕೊಳ್ಳುವ ಗೆರೆ ಅದು. ಮೇಲ್ಮುಖದ ದಿಕ್ಕೂ ಅದರಲ್ಲಿ ಸೇರಿದೆ. ಆ ಮಿತಿಯನ್ನು ಮೀರುವುದಕ್ಕೆ ಪೂಜ್ಯಪಾದರು ಕೊಡುವ ಉದಾಹರಣೆಯೇ ಬೆಟ್ಟ ಹತ್ತುವುದು. ಬೆಟ್ಟ ಕೆಟ್ಟದ್ದೆಂದಲ್ಲ, ಹಾಕಿಕೊಂಡ ಗೆರೆಯನ್ನು ಉತ್ಸಾಹದಲ್ಲಿ ಮರೆಯುವುದು ಅಲ್ಲಿ ಸುಲಭ. ಇನ್ನೊಂದು ತಿರುವು, ಇನ್ನೊಂದು ಬಂಡೆ ಎನ್ನುತ್ತಲೇ ಹೋಗುತ್ತೇವೆ.

ಬೆಳ್ಳಂದೂರಿನವರು ಇಷ್ಟು ದೂರ ಓಡುವುದೇಕೆಂಬುದನ್ನೂ ನೋಡಬೇಕು. ಅವರ ಬಾಗಿಲಲ್ಲಿಯೇ ಸುಮಾರು 900 ಎಕರೆಯ ಕೆರೆಯಿದೆ. ಅದರ ನೊರೆ ರಸ್ತೆಗೆ ಹಾರಿದ್ದನ್ನೂ 2017, 2018ರಲ್ಲಿ ಅಲ್ಲಿ ಬೆಂಕಿ ಕಾಣಿಸಿಕೊಂಡದ್ದನ್ನೂ ಲೋಕವೆಲ್ಲ ನೋಡಿತು. ಹೂಳೆತ್ತುವ ಕೆಲಸ ವರ್ಷಗಳಿಂದ ಸಾಗಿದೆ. ಅಪ್ಕಾಯ ಜೀವಗಳೆಂದು ನೀರಿನ ಹನಿಗೂ ಪ್ರಾಣವನ್ನು ಒಪ್ಪಿದ ಧರ್ಮದವರು ಆ ಕೆರೆಯ ದಡದಲ್ಲಿ ಮನೆ ಮಾಡಿಕೊಂಡಿದ್ದೇವೆ. ಆ ದಡ ನಾಯಿಯೊಡನೆ ಬೆಳಗಿನ ಹೊತ್ತು ನಡೆಯುವಂತಿದ್ದರೆ ನಸುಕಿನ ಮೂರು ಗಂಟೆಗೆ ಕಾರು ಹೊರಡಿಸುವ ಅಗತ್ಯ ಎಷ್ಟು ಮನೆಗಳಿಗೆ ಇರುತ್ತಿತ್ತು?

ಶ್ರಾವಕರಿಗೆ ನಾನು ಬರೆದ ಉತ್ತರ ಚಿಕ್ಕದು. ಹೋಗಿಬನ್ನಿ, ಸೂರ್ಯೋದಯದ ಆಸೆ ಬಿಟ್ಟು ಬೆಳಕಾದ ಮೇಲೆ ಹೊರಡಿ. ಮೇಲೆ ನಾಯಿಯನ್ನು ಬಿಡುತ್ತಾರೋ ಇಲ್ಲವೋ ಎಂದು ಮೊದಲೇ ವಿಚಾರಿಸಿ. ಅದು ಕುಳಿತಲ್ಲಿ ನೀವೂ ಕುಳಿತುಕೊಳ್ಳಿ, ಅದು ನಿಂತಲ್ಲಿಂದ ಹಿಂತಿರುಗಿ.

ಮೊನ್ನೆ ಅವರ ಪತ್ರ ಬಂತು. ಅವರು ಶಿಖರಕ್ಕೆ ಹೋಗಲಿಲ್ಲವಂತೆ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಕಾರು ನಿಲ್ಲಿಸಿ, ಮಕ್ಕಳು ಭೋಗನಂದೀಶ್ವರ ದೇವಾಲಯವನ್ನು ನೋಡಿ ಬರುವವರೆಗೆ ಇವರು ಹೊರಗೆ ಮರದ ನೆರಳಿನಲ್ಲಿ ನಾಯಿಯೊಡನೆ ಕುಳಿತಿದ್ದರಂತೆ. ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಒಂದು ಗಂಟೆ ಹೊತ್ತು ಸುಮ್ಮನೆ ಬೆಟ್ಟವನ್ನು ಕೆಳಗಿನಿಂದ ನೋಡಿದೆ ಎಂದು ಬರೆದಿದ್ದಾರೆ. ನಾಯಿ ಅಷ್ಟು ಹೊತ್ತೂ ಬೆಟ್ಟದ ಕಡೆ ತಿರುಗಿಯೂ ನೋಡಲಿಲ್ಲವಂತೆ. ಇರುವೆಯ ಸಾಲೊಂದನ್ನು ಮೂಸಿ, ಇವರ ಪಾದದ ಮೇಲೆ ತಲೆಯಿಟ್ಟು ನಿದ್ದೆ ಹೋಯಿತಂತೆ.