ಹಳೆಯ ಸಾಫ್ಟ್‌ವೇರೇ ಚೆನ್ನಾಗಿತ್ತೇ?

ಪ್ರಥಮ ಪಿಯುಸಿಯಿಡೀ ನಮ್ಮ ತಂಡದ ನಾತ್‌ಗಳನ್ನು ಆಡಾಸಿಟಿಯಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಈ ವರ್ಷ ರೀಪರ್‌ಗೆ ಬದಲಾದೆ. ಮೊದಲ ದಿನವೇ ಎಡವಟ್ಟು. ಆಡಾಸಿಟಿಯಲ್ಲಿ ಆರ್ ಕೀ ಒತ್ತಿದರೆ ರೆಕಾರ್ಡಿಂಗ್ ಶುರುವಾಗುತ್ತದೆ. ರೀಪರ್‌ನಲ್ಲಿ ಅದೇ ಕೀ ರಿಪೀಟ್ ಆನ್ ಮಾಡುತ್ತದೆ. ರೆಕಾರ್ಡಿಂಗ್‌ಗೆ ಮೊದಲು ಟ್ರ್ಯಾಕನ್ನು ಸಿದ್ಧಗೊಳಿಸಬೇಕು. ಗೆಳೆಯ ಕಣ್ಣು ಮುಚ್ಚಿ ಮನಸಾರೆ ಹಾಡಿ ಮುಗಿಸಿದ. ನೋಡಿದರೆ ಏನೂ ದಾಖಲಾಗಿರಲಿಲ್ಲ.

"ಹಳೆಯದೇ ಚೆನ್ನಾಗಿತ್ತು" ಎಂದರು ಎಲ್ಲರೂ. ನಾನು ಒಪ್ಪುವುದಿಲ್ಲ. ನಮಗೆ ಕಷ್ಟವಾಗಿದ್ದು ಬೆರಳಿನ ರೂಢಿಯಿಂದ. ಯಾವ ಧ್ವನಿ ಮುಂದಿರಬೇಕು, ದಫ್ ಎಷ್ಟು ಮೆಲ್ಲಗಿರಬೇಕು ಎಂಬ ತಿಳಿವಳಿಕೆ ಕಿವಿಯದು. ಅದು ನಮ್ಮ ಜೊತೆಗೇ ಬಂದಿದೆ. ಮೊದಲು ನಾವು ಹಾಕುತ್ತಿದ್ದ ಎಕೋ ಧ್ವನಿಯೊಳಗೇ ಬೆರೆತುಹೋಗುತ್ತಿತ್ತು. ಈಗ ಅದು ಪ್ರತ್ಯೇಕವಾಗಿರುತ್ತದೆ. ತಿಂಗಳ ನಂತರವೂ ಕಡಿಮೆ ಮಾಡಬಹುದು, ಮೂಲ ಧ್ವನಿ ಹಾಗೇ ಉಳಿಯುತ್ತದೆ. ಇಷ್ಟಕ್ಕಾಗಿ ಎರಡು ವಾರ ತಡವರಿಸಿದರೆ ನಷ್ಟವಿಲ್ಲ.

ಆದರೆ ಒಂದು ತಪ್ಪು ನನ್ನದೇ. ಆಡಾಸಿಟಿಯನ್ನು ಅವಸರದಲ್ಲಿ ಅಳಿಸಿಬಿಟ್ಟಿದ್ದೆ. ಸೀನಿಯರ್‌ಗಳು ಹಾಡಿದ್ದ ನಾತ್‌ನ ಪ್ರಾಜೆಕ್ಟ್ ಫೈಲ್ ರೀಪರ್‌ನಲ್ಲಿ ತೆರೆಯಲಿಲ್ಲ. ಅವರೀಗ ಒಬ್ಬೊಬ್ಬರು ಒಂದೊಂದು ಊರಿನಲ್ಲಿದ್ದಾರೆ. ಮತ್ತೆ ಒಟ್ಟಿಗೆ ಹಾಡಿಸುವುದು ಸುಲಭವಲ್ಲ. ಪುಣ್ಯಕ್ಕೆ ಫೈಲ್ ಉಳಿದಿತ್ತು. ಆಡಾಸಿಟಿಯನ್ನು ಮತ್ತೆ ಹಾಕಿಕೊಂಡು, ಪ್ರತಿಯೊಬ್ಬರ ಧ್ವನಿಯನ್ನೂ ಬೇರೆಬೇರೆ ವೇವ್ ಫೈಲ್ ಮಾಡಿ ಉಳಿಸಿದೆ. ವೇವ್ ಫೈಲ್ ಎರಡರಲ್ಲೂ ತೆರೆಯುತ್ತದೆ.

ಸಾಫ್ಟ್‌ವೇರ್ ಬದಲಿಸುವ ಗೆಳೆಯರೇ, ಹೊಸದಕ್ಕೆ ಹೆದರಬೇಡಿ. ಮೊದಲು ಒಂದು ಚಿಕ್ಕ ಹಾಡನ್ನು ಪೂರ್ತಿ ಮುಗಿಸಿ. ಆದರೆ ಹಳೆಯ ಧ್ವನಿಗಳನ್ನು ಹೊರತೆಗೆದು ಇಟ್ಟುಕೊಳ್ಳದೆ ಹಳೆಯದನ್ನು ಅಳಿಸಬೇಡಿ.