ಪುಟ್ಟ ಹೂವಿಗೂ ಮುಖವಿದೆ

ಈಚೆಗೆ ಒಂದು ಆಕ್ಷೇಪಣೆ ಪದೇ ಪದೇ ಕಿವಿಗೆ ಬೀಳುತ್ತಿದೆ. ತುಂಬೆ, ವಿಷ್ಣುಕ್ರಾಂತಿಯಂಥ ಪುಟ್ಟ ಹೂಗಳನ್ನು ತೀರ ಹತ್ತಿರದಿಂದ ತೆಗೆದ ಚಿತ್ರ ತೋರಿಸಿದರೆ ಸಾಕು, "ಇದು ಒಂದು ಫೋಟೋ ಅಲ್ಲವಂತೆ, ಇಪ್ಪತ್ತೈದು ಫೋಟೋ ಕೂಡಿಸಿ ಕಂಪ್ಯೂಟರಿನಲ್ಲಿ ಮಾಡಿದ್ದಂತೆ. ಬರೀ ಸುಳ್ಳು!" ಎಂದು ಮೂಗು ಮುರಿಯುತ್ತಾರೆ. ಹಾಗಾದರೆ ನಿಜ ಎನ್ನುವುದು ಯಾವುದಕ್ಕೆ? ಅರ್ಧ ಮಂಜಾದ ಹೂವಿಗೋ?

ದೂರದ ಬೆಟ್ಟದ ಚಿತ್ರದಲ್ಲಿ ಮರವೂ ಬೆಟ್ಟವೂ ಒಟ್ಟಿಗೆ ಸ್ಪಷ್ಟವಾಗಿ ಬರುತ್ತವೆ. ಹೂವಿನ ಹತ್ತಿರ ಹೋದಷ್ಟೂ ಕ್ಯಾಮೆರಾ ಜಿಪುಣವಾಗುತ್ತದೆ. ಹೂವು ತನ್ನ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡುವಷ್ಟು ಸಮೀಪಿಸಿದಾಗ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿಲಿಮೀಟರ್ ಅಷ್ಟೆ. ಕೇಸರ ಕಂಡರೆ ಎಸಳು ಮಸುಕು. ಲೆನ್ಸಿನ ಕಿಂಡಿಯನ್ನು ತೀರ ಕಿರಿದು ಮಾಡಿದರೆ ಆಳ ಹೆಚ್ಚುತ್ತದೆ ನಿಜ, ಆದರೆ ಬೆಳಕು ಚದುರಿ ಇಡೀ ಚಿತ್ರವೇ ಮಂಕಾಗುತ್ತದೆ. ಅದಕ್ಕೇ ಫೋಕಸನ್ನು ಮುಂದಿನ ಎಸಳಿನಿಂದ ಹಿಂದಿನ ತೊಟ್ಟಿನವರೆಗೆ ಕೂದಲೆಳೆಯಷ್ಟು ಸರಿಸುತ್ತ ಇಪ್ಪತ್ತು ಮೂವತ್ತು ಚಿತ್ರ ತೆಗೆದು, ಒಂದೊಂದರಲ್ಲೂ ಸ್ಪಷ್ಟವಾದ ಭಾಗವನ್ನಷ್ಟೇ ಆರಿಸಿ ಜೋಡಿಸುವುದು. ಇದೇ ಫೋಕಸ್ ಸ್ಟ್ಯಾಕಿಂಗ್. 2008ರ ಫೋಟೋಶಾಪ್‌ನಲ್ಲೇ ಈ ಅನುಕೂಲ ಬಂದಿತ್ತು. ಅಕ್ಕಿ ಆರಿಸಿದ ಮಾತ್ರಕ್ಕೆ ಅನ್ನ ಸುಳ್ಳಾಗುತ್ತದೆಯೇ?

ನಮ್ಮ ಕಣ್ಣು ಮಾಡುವುದೂ ಇದನ್ನೇ. ಮೊದಲು ಎಸಳು, ಆಮೇಲೆ ಕೇಸರ, ಆಮೇಲೆ ತೊಟ್ಟು. ಮನಸ್ಸು ಎಲ್ಲವನ್ನೂ ಕೂಡಿಸಿಕೊಳ್ಳುತ್ತದೆ. 19ನೆಯ ಶತಮಾನದಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ವೈಟ್‌ಗಾಗಿ ದಕ್ಷಿಣ ಭಾರತದ ಗಿಡಗಳನ್ನು ಚಿತ್ರಿಸಿದ ರಂಗಯ್ಯ, ಗೋವಿಂದು ಅವರೂ ಹೂವಿನ ಭಾಗಗಳನ್ನು ಬಿಡಿಬಿಡಿಯಾಗಿ ನೋಡಿ ಒಂದೇ ಹಾಳೆಯಲ್ಲಿ ತೋರಿಸಿದರು. ಅದು ವಿಜ್ಞಾನವಾದರೆ ಇದು ಸುಳ್ಳು ಹೇಗಾದೀತು? ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಫಿಯಾಪ್ ಕೂಡ ನಿಸರ್ಗ ಚಿತ್ರಗಳಲ್ಲಿ ಸ್ಟ್ಯಾಕಿಂಗ್ ಒಪ್ಪುತ್ತದೆ. ಇಲ್ಲದ್ದನ್ನು ಸೇರಿಸುವುದನ್ನು, ಇದ್ದದ್ದನ್ನು ಅಳಿಸುವುದನ್ನು ಒಪ್ಪುವುದಿಲ್ಲ.

ಮೋಸ ಇರುವುದು ಬೇರೆ ಕಡೆ. ಗಾಳಿಗೆ ಅಲುಗುತ್ತದೆಂದು ಹೂವನ್ನು ಕಿತ್ತು ತಂದು, ಮೇಜಿನ ಮೇಲೆ ನಿಲ್ಲಿಸಿ, ನೀರು ಚಿಮುಕಿಸಿ, "ಕಾಡಿನ ಇಬ್ಬನಿ" ಎಂದು ಹೆಸರಿಡುವುದು ಮೋಸ. ಗಾಳಿ ನಿಲ್ಲುವವರೆಗೆ ಕಾಯುವುದು ಮೋಸವಲ್ಲ, ತಾಳ್ಮೆ.

ಇಷ್ಟು ಜಗಳ ಏಕೆಂದರೆ, ಪ್ರಶ್ನೆ ಬರೀ ಫೋಟೋದ್ದಲ್ಲ. ರಸ್ತೆಬದಿಯ ಟ್ರೈಡಾಕ್ಸ್ ಗಿಡವನ್ನೇ ತೆಗೆದುಕೊಳ್ಳಿ. ನಾವು ಒಂದು ಹೂವೆಂದುಕೊಂಡದ್ದು ಹತ್ತಾರು ಹೂಗಳ ಸಂಸಾರ. ನಡುವಿನ ಪ್ರತಿ ಹಳದಿ ಚುಕ್ಕೆಗೂ ಐದು ಸೀಳಿನ ಪುಟ್ಟ ಬಾಯಿ. ಇದು ಕಾಣುವುದು ಸ್ಟ್ಯಾಕಿಂಗ್ ಚಿತ್ರದಲ್ಲಿ. ಹುಲಿಯ ಚಿತ್ರಕ್ಕೆ ಎಲ್ಲರೂ ತಲೆಬಾಗುತ್ತಾರೆ. ಕಾಲಡಿಯ ಹೂವಿಗೆ ಮಾತ್ರ "ಕಳೆ" ಎಂಬ ಒಂದೇ ಹೆಸರು. ಖಾಲಿ ಸೈಟಿಗೆ ಜೆಸಿಬಿ, ಬಯಲಿಗೆ ಕಳೆನಾಶಕ. ಮುಖ ಕಾಣದವರನ್ನು ಅಳಿಸುವುದು ಬಲು ಸುಲಭ. ಸದ್ದಿಲ್ಲದೆ ಇರುವವರನ್ನು "ಇದ್ದರೆಷ್ಟು, ಬಿಟ್ಟರೆಷ್ಟು" ಎನ್ನುವ ಮಾತು ನಮ್ಮ ಹೆಣ್ಣುಮಕ್ಕಳಿಗೆ ಹೊಸದೇನಲ್ಲವಲ್ಲ! ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿತೇ?

ಸುಳ್ಳೆನ್ನುವವರು ಒಮ್ಮೆ ಮಂಡಿಯೂರಿ ವಿಷ್ಣುಕ್ರಾಂತಿಯನ್ನು ನೋಡಲಿ, ಆಮೇಲೆ ಚಿತ್ರಕ್ಕೆ ತೀರ್ಪು ಕೊಡಲಿ. ಆದರೆ ಬೆಳಿಗ್ಗೆಯೇ ಹೋಗಬೇಕು. ಅದು ಅರಳಿದ ದಿನವೇ ಮುದುಡುವ ಹೂವು, ಯಾರ ತೀರ್ಪಿಗೂ ಕಾಯುವುದಿಲ್ಲ.