ವೇಗ, ವೋಲ್ಟೇಜು, ಬಿಸಿ: ಮೂರರ ಸಮತೂಕ

ಮುನ್ನೂರು ಎಂದು ಹಣೆಪಟ್ಟಿ ಹೊತ್ತ ಪ್ರೊಸೆಸರ್ ನಾನೂರೈವತ್ತರ ವೇಗದಲ್ಲಿ ಓಡಬಲ್ಲುದೆ? 1998ರಲ್ಲಿ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಓಡಿ ತೋರಿಸಿತು. ಅಗ್ಗದ ಕಂಪ್ಯೂಟರುಗಳಿಗೆಂದು ಬಂದ ಈ ಚಿಪ್ಪಿನಿಂದ ಅನೇಕರು ಬಲು ದುಬಾರಿಯಾದ ಪೆಂಟಿಯಂ 2ರ ಕೆಲಸ ತೆಗೆದರು. ತಯಾರಕರು ಗೊತ್ತುಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಚಿಪ್ಪನ್ನು ಓಡಿಸುವ ಈ ವಿದ್ಯೆಗೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ಲೆಕ್ಕ ಸರಳ. ಮದರ್‌ಬೋರ್ಡಿನ ಬಸ್ ವೇಗವನ್ನು ಒಂದು ಗುಣಕದಿಂದ ಗುಣಿಸಿದರೆ ಪ್ರೊಸೆಸರಿನ ವೇಗ ಸಿಗುತ್ತದೆ. 300ಎಯ ಗುಣಕ ನಾಲ್ಕೂವರೆ. ಅದನ್ನು ಬದಲಿಸಲು ಬರುತ್ತಿರಲಿಲ್ಲ. ಬಸ್ ವೇಗ ಸುಮಾರು 66 ಮೆಗಾಹರ್ಟ್ಸ್ ಇದ್ದಾಗ 300. ಅದನ್ನೇ 100ಕ್ಕೆ ಏರಿಸಿದರೆ 450. ಸ್ವಾರಸ್ಯವೆಂದರೆ, ನಡುವಿನ 83ರ ಮೆಟ್ಟಿಲೇ ಹೆಚ್ಚು ಅಪಾಯದ್ದು. ಹಾರ್ಡ್ ಡಿಸ್ಕಿಗೆ ಸಂಪರ್ಕ ಒದಗಿಸುವ ಪಿಸಿಐ ಬಸ್ಸಿಗೆ 33 ಮೆಗಾಹರ್ಟ್ಸ್ ಹಿತ. 66ರ ಅರ್ಧ, 100ರ ಮೂರನೇ ಒಂದು ಭಾಗ, ಎರಡೂ 33. ಆದರೆ 83ರ ಅರ್ಧ ನಲವತ್ತೊಂದನ್ನು ದಾಟುತ್ತದೆ. ಇದರಿಂದ ಡಿಸ್ಕಿನಲ್ಲಿದ್ದ ಮಾಹಿತಿಯೇ ಕೆಡುವ ಸಂಭವವಿತ್ತು. ಪ್ರೊಸೆಸರ್ ತಾಳಿಕೊಂಡರೂ ಅದರ ಜೊತೆಗಾರರು ತಾಳಬೇಕಲ್ಲ!

<b>ಬಿಸಿ ಏಕೆ ಏರುತ್ತದೆ?</b>

ಪ್ರೊಸೆಸರಿನಲ್ಲಿರುವ ಟ್ರಾನ್ಸಿಸ್ಟರುಗಳು ಪುಟ್ಟ ಸ್ವಿಚ್ಚುಗಳು. ಗಡಿಯಾರದ ಒಂದು ಮಿಡಿತ ಮುಗಿಯುವುದರೊಳಗೆ ಅವು ತಮ್ಮ ಕೆಲಸ ಮುಗಿಸಬೇಕು. ಮಗ್ಗಿ ಒಪ್ಪಿಸುವ ಹುಡುಗನನ್ನು ಅತಿಯಾಗಿ ಅವಸರಪಡಿಸಿದರೆ ಅವನು ತಡವರಿಸುತ್ತಾನೆ, ಇಲ್ಲವೇ ತಪ್ಪು ಉತ್ತರ ಹೇಳುತ್ತಾನೆ. ಚಿಪ್ಪಿನ ಪಾಡೂ ಅಷ್ಟೆ. ಆಗ ವೋಲ್ಟೇಜನ್ನು ತುಸು ಹೆಚ್ಚಿಸಿದರೆ ಸ್ವಿಚ್ಚುಗಳು ಚುರುಕಾಗುತ್ತವೆ.

ಆದರೆ ಈ ಚುರುಕಿಗೆ ಬೆಲೆ ತೆರಬೇಕು. ಚಿಪ್ಪು ಬಳಸುವ ವಿದ್ಯುತ್ತು ವೇಗಕ್ಕೆ ಅನುಗುಣವಾಗಿ ಏರಿದರೆ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. 300ಎಯ ವೇಗ ಒಂದೂವರೆ ಪಟ್ಟಾಗಿ, ವೋಲ್ಟೇಜು 2.0ರಿಂದ 2.2ಕ್ಕೆ ಏರಿತೆನ್ನಿ. 1.5ನ್ನು 1.21ರಿಂದ ಗುಣಿಸಿದರೆ ಸುಮಾರು 1.8. ವೇಗ ಅರ್ಧಪಟ್ಟು ಹೆಚ್ಚಿದರೆ ಬಿಸಿ ಹೆಚ್ಚುಕಡಿಮೆ ಇಮ್ಮಡಿ! ಬಿಸಿ ಏರಿದಂತೆ ಟ್ರಾನ್ಸಿಸ್ಟರುಗಳಲ್ಲಿ ವಿದ್ಯುತ್ ಸೋರಿಕೆಯೂ ಹೆಚ್ಚುತ್ತದೆ. ಸೋರಿಕೆಯಿಂದ ಮತ್ತಷ್ಟು ಬಿಸಿ. ಈ ಚಕ್ರವನ್ನು ಹದ್ದುಬಸ್ತಿನಲ್ಲಿಡುವುದು ಹೀಟ್ ಸಿಂಕ್ ಮತ್ತು ಫ್ಯಾನಿನ ಕೆಲಸ. ಫ್ಯಾನು ಕೋಣೆಯ ಗಾಳಿಯನ್ನೇ ಬಳಸುವುದರಿಂದ, ಡಿಸೆಂಬರಿನಲ್ಲಿ ಸರಿಯಾಗಿ ನಡೆದ ಹೊಂದಾಣಿಕೆ ರಾಯಚೂರಿನ ಮೇ ತಿಂಗಳಲ್ಲಿ ಕೈಕೊಟ್ಟರೆ ಆಶ್ಚರ್ಯವಿಲ್ಲ.

<b>ಹಂತ ಹಂತವಾಗಿ</b>

ಇಂದು ಇಂಟೆಲ್‌ನ 'ಕೆ' ಅಕ್ಷರವಿರುವ ಪ್ರೊಸೆಸರುಗಳಲ್ಲೂ ಎಎಂಡಿಯ ಹೆಚ್ಚಿನ ರೈಜೆನ್ ಪ್ರೊಸೆಸರುಗಳಲ್ಲೂ ಗುಣಕ ಬದಲಿಸಲು ಅವಕಾಶವಿದೆ. ಮದರ್‌ಬೋರ್ಡೂ ಅದಕ್ಕೆ ಒಪ್ಪುವಂಥದ್ದಿರಬೇಕು. ಪ್ರಯೋಗಕ್ಕೆ ಮುನ್ನ ಮುಖ್ಯ ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಡಬೇಕು. ವೋಲ್ಟೇಜನ್ನು ಮುಟ್ಟದೆ ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಸಲವೂ ಪ್ರೈಮ್95ನಂಥ ತಂತ್ರಾಂಶದಿಂದ ಚಿಪ್ಪಿಗೆ ಪೂರ್ತಿ ಕೆಲಸ ಕೊಟ್ಟು ಉಷ್ಣತೆಯನ್ನು ಗಮನಿಸಬೇಕು. ತಪ್ಪು ಕಂಡೊಡನೆ ಒಂದು ಮೆಟ್ಟಿಲು ಇಳಿದು ನಿಂತರೆ ಅದೇ ಕ್ಷೇಮದ ಎಲ್ಲೆ. ವೋಲ್ಟೇಜು ಏರಿಸಲೇಬೇಕೆಂದರೆ ತೀರ ಸಣ್ಣ ಪ್ರಮಾಣದಲ್ಲಿ, ತಯಾರಕರು ಹೇಳಿದ ಮಿತಿಯೊಳಗೆ. ಕಂಪ್ಯೂಟರ್ ಶುರುವಾಗದೆ ಹೋದರೆ ಬಯಾಸ್ ಹೊಂದಾಣಿಕೆಯನ್ನು ಅಳಿಸಿ ಮೂಲಸ್ಥಿತಿಗೆ ತರಬಹುದು.

ಚಿಪ್ಪು ಸುಟ್ಟುಹೋದೀತೆಂಬುದು ತಂದೆತಾಯಿಯರ ಭಯ. ಈಗಿನ ಪ್ರೊಸೆಸರುಗಳು ಬಿಸಿ ಮಿತಿಮೀರಿದರೆ ತಾವಾಗಿಯೇ ವೇಗ ತಗ್ಗಿಸುತ್ತವೆ, ಇಲ್ಲವೇ ಆರಿಬಿಡುತ್ತವೆ. ಕಣ್ಣಿಗೆ ಕಾಣದ ಹಾನಿಯೇ ದೊಡ್ಡದು. ಹೆಚ್ಚಿನ ವೋಲ್ಟೇಜು ಚಿಪ್ಪನ್ನು ನಿಧಾನವಾಗಿ ಸವೆಸುತ್ತದೆ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಪ್ರೊಸೆಸರುಗಳು ಓವರ್‌ಕ್ಲಾಕ್ ಮಾಡದಿದ್ದರೂ ಅಸ್ಥಿರವಾದವು. ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜು ಹರಿದದ್ದೇ ಕಾರಣವೆಂದು ಕಂಪನಿ ಒಪ್ಪಿಕೊಂಡು, ಪರಿಹಾರದ ಮೈಕ್ರೋಕೋಡ್ ನೀಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆಗಲೇ ಸವೆದ ಚಿಪ್ಪನ್ನು ಮಾತ್ರ ಆ ಪರಿಹಾರ ಮರಳಿ ಸರಿಪಡಿಸಲಾರದು. ಇನ್ನು ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ.

ಹಾಗಾದರೆ ಮಕ್ಕಳನ್ನು ತಡೆಯಬೇಕೆ? ಈಗಿನ ಪ್ರೊಸೆಸರುಗಳು ಅಗತ್ಯಕ್ಕೆ ತಕ್ಕಂತೆ ತಾವೇ ವೇಗ ಏರಿಸಿಕೊಳ್ಳುವುದರಿಂದ 300ಎ ಕೊಟ್ಟಂಥ ಲಾಭ ಇಂದು ಸಿಗದು. ಸಾಲ ಮಾಡಿ ತಂದ, ಮನೆಮಂದಿಗೆಲ್ಲ ಒಂದೇ ಆದ ಕಂಪ್ಯೂಟರಿನ ಮೇಲೆ, ಅದೂ ಪ್ರಾಜೆಕ್ಟ್ ಒಪ್ಪಿಸುವ ವಾರದಲ್ಲಿ, ಈ ಪ್ರಯೋಗ ಸಲ್ಲದು. ಮೂಲೆ ಸೇರಿದ ಹಳೆಯ ಯಂತ್ರವಿದ್ದರೆ ಅದೇ ಒಳ್ಳೆಯ ಪ್ರಯೋಗಶಾಲೆ. ಪ್ರತಿ ಮೆಟ್ಟಿಲಿನ ವೇಗ, ವೋಲ್ಟೇಜು, ಉಷ್ಣತೆಗಳನ್ನು ಪುಸ್ತಕದಲ್ಲಿ ಬರೆದು ಗ್ರಾಫ್ ಎಳೆದರೆ, ಪಠ್ಯದ ಸೂತ್ರವೊಂದು ಕಣ್ಣೆದುರೇ ಬಿಸಿಯಾಗುವುದನ್ನು ನೋಡಬಹುದು.